ತಿನ್ನೋಕೆ ಅಂತಲೇ ಸಾಗರದ ಮಾರಿ ಜಾತ್ರೆಗೆ ಬರುವುದಾದರೆ

ನಿಮ್ಮ ಪ್ರಶ್ನೆ ಇದು: ಗಂಡ ಹೆಂಡತಿ, ಇಬ್ಬರು ಮಕ್ಕಳು, ಬೆಂಗಳೂರಿನಿಂದ ಶನಿವಾರ ಭಾನುವಾರಕ್ಕೆ ಸಾಗರದ ಮಾರಿಕಾಂಬಾ ಜಾತ್ರೆಗೆ ಬರುತ್ತೀರಿ. ಮಕ್ಕಳಿಗೆ ತೊಟ್ಟಿಲು, ರೈಲು, ದೋಣಿ ಎಲ್ಲ ಬೇಕು. ನಿಮಗಿಬ್ಬರಿಗೆ ಜಾತ್ರೆ ತಿಂಡಿ ಬೇಕು. ಊರಲ್ಲಿ ಪರಿಚಯದವರು ಯಾರೂ ಇಲ್ಲ. ಎರಡು ದಿನದಲ್ಲಿ ಏನೇನು ತಿನ್ನಬಹುದು, ಎಲ್ಲಿಂದ ಶುರು ಮಾಡಬೇಕು?

ನಾನು ಸಾಗರದ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವಳು. ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ. ಆದರೆ ಈ ಜಾತ್ರೆಗೆ ತವರಿಗೆ ಹೋಗುವುದನ್ನು ಒಂದು ಸಲವೂ ತಪ್ಪಿಸಿಲ್ಲ. ನಮ್ಮೂರ ಮಾರಿಕಾಂಬಾ ಅಮ್ಮನಿಗೂ ತವರುಮನೆ ಇದೆ, ಗಂಡನ ಮನೆ ಇದೆ, ಗೊತ್ತಾ? ಎರಡೂ ಬೇರೆ ಬೇರೆ ಗುಡಿ. ಮೊದಲ ದಿನ ತವರುಮನೆಯಲ್ಲಿ ಪೂಜೆ, ಉಡಿ ತುಂಬುವುದು. ಆಮೇಲೆ ಅವಳನ್ನು ಗಂಡನ ಮನೆಗೆ ಕಳಿಸುತ್ತೇವೆ, ಉಳಿದ ದಿನ ಅಲ್ಲೇ ದರ್ಶನ. ಮೂರು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಒಂಬತ್ತು ದಿನ. ಮಂಗಳವಾರ ಶುರುವಾಗಿ ಮರುವಾರದ ಬುಧವಾರ ಮುಗಿಯುತ್ತದೆ. 2023ರಲ್ಲಿ ಫೆಬ್ರವರಿ 7ರಿಂದ 15ರವರೆಗೆ ಇತ್ತು. ಲೆಕ್ಕ ಹಾಕಿದರೆ ಜಾತ್ರೆಗೆ ಸಿಗುವುದು ಒಂದೇ ಶನಿವಾರ, ಒಂದೇ ಭಾನುವಾರ. ನೀವು ಬರುವ ಎರಡು ದಿನವೇ ಊರು ಪೂರ್ತಿ ತುಂಬಿರುತ್ತದೆ. ಹಾಗಾಗಿ ರೂಮು ಈಗಲೇ ನೋಡಿಕೊಳ್ಳಿ. ಬೆಂಗಳೂರಿನಿಂದ ರಾತ್ರಿ ಹೊರಡುವ ತಾಳಗುಪ್ಪ ರೈಲು ಬೆಳಗ್ಗೆ ಸಾಗರ ಮುಟ್ಟಿಸುತ್ತದೆ. ಟಿಕೆಟ್‌ನಲ್ಲಿ ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಇರುತ್ತದೆ, ಗಾಬರಿಯಾಗಬೇಡಿ.

ಈಗ ತಿಂಡಿ ವಿಷಯ. ಜಾತ್ರೆ ಪೇಟೆಯಲ್ಲಿ ಎರಡು ಥರದ ತಿಂಡಿ ಇರುತ್ತದೆ. ಒಂದು ಲಾರಿ ಹತ್ತಿ ಜಾತ್ರೆಯಿಂದ ಜಾತ್ರೆಗೆ ಊರೂರು ತಿರುಗುವ ತಿಂಡಿ: ಮಿರ್ಚಿ, ಮಂಡಕ್ಕಿ, ಜಿಲೇಬಿ, ಬೆಂಡು ಬತ್ತಾಸು, ಗೋಬಿ, ಬೊಂಬಾಯಿ ಮಿಠಾಯಿ. ಇನ್ನೊಂದು ಈ ನೆಲದಲ್ಲಿ, ಈ ತಿಂಗಳಲ್ಲಿ ಮಾತ್ರ ಆಗುವಂಥದ್ದು. ಹೊರಗಿನಿಂದ ಬಂದವರು ಮೊದಲನೆಯದರಲ್ಲೇ ಹೊಟ್ಟೆ ತುಂಬಿಸಿಕೊಂಡು ರೈಲು ಹತ್ತಿಬಿಡುತ್ತಾರೆ. ನನಗೆ ಅದು ನೋಡಿ ನಿಜವಾಗಿ ಬೇಜಾರಾಗುತ್ತದೆ. ಯಾಕೆಂದರೆ ಜಾತ್ರೆ ಬರುವುದು ಸರಿಯಾಗಿ ಕಬ್ಬು ಕಡಿಯುವ ಹೊತ್ತಿಗೆ. ಪೇಟೆಯಲ್ಲಿ ತೊಟ್ಟಿಲು ತಿರುಗುವಾಗ ಸುತ್ತಲಿನ ಹಳ್ಳಿಗಳಲ್ಲಿ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಗಳ ಒಲೆ ಉರಿಯುತ್ತಿರುತ್ತದೆ. ಶನಿವಾರ ಜಾತ್ರೆಗೆ, ಭಾನುವಾರದ ಅರ್ಧ ದಿನ ಆಲೆಮನೆಗೆ ಇಟ್ಟುಕೊಳ್ಳಿ. ಇಷ್ಟೇ ನನ್ನ ಸಲಹೆ. ಉಳಿದದ್ದೆಲ್ಲ ವಿವರ.

ಶನಿವಾರ ಬೆಳಗ್ಗೆ ಮೊದಲು ದೇವಸ್ಥಾನಕ್ಕೆ ಹೋಗಿಬನ್ನಿ. ಬಿಸಿಲೇರಿದ ಮೇಲೆ ಸಾಲು ಉದ್ದವಾಗುತ್ತದೆ, ಮಕ್ಕಳನ್ನು ಹಿಡಿದು ನಿಲ್ಲಿಸುವುದು ಕಷ್ಟ. ಮಧ್ಯಾಹ್ನ ಊಟ ಮಾಡಿ ಮಲಗಿ. ನಿಜವಾಗಿ ಹೇಳುತ್ತಿದ್ದೇನೆ, ಮಲಗಿ. ಜಾತ್ರೆಗೆ ಬಣ್ಣ ಬರುವುದು ಸಂಜೆ ಆರರ ಮೇಲೆ, ಮತ್ತು ಅದು ನಡುರಾತ್ರಿವರೆಗೂ ಇಳಿಯುವುದಿಲ್ಲ.

ಸಂಜೆ ಹೋದ ತಕ್ಷಣ ಏನನ್ನೂ ಕೊಳ್ಳಬೇಡಿ. ಒಂದು ಸುತ್ತು ಸುಮ್ನೆ ನಡೆಯಿರಿ. ಯಾವ ಬಾಣಲೆಯಲ್ಲಿ ಎಣ್ಣೆ ತಿಳಿಯಾಗಿದೆ, ಯಾವುದರಲ್ಲಿ ಕಪ್ಪಾಗಿದೆ, ಎಲ್ಲಿ ಕರಿದದ್ದು ಕೂಡಲೇ ಖಾಲಿಯಾಗುತ್ತಿದೆ, ಎಲ್ಲಿ ಗುಡ್ಡೆ ಹಾಕಿ ಇಟ್ಟಿದ್ದಾರೆ, ಒಂದು ಸುತ್ತಿನಲ್ಲೇ ಗೊತ್ತಾಗುತ್ತದೆ. ನಮ್ಮ ಅಪ್ಪ ನಮ್ಮನ್ನು ಹೀಗೇ ನಡೆಸುತ್ತಿದ್ದರು. ಮೂಗು ಮೊದಲು, ಬಾಯಿ ಆಮೇಲೆ ಅನ್ನುತ್ತಿದ್ದರು.

ಆಟ ಮೊದಲು ಆಗಲಿ. ಇದರಲ್ಲಿ ರಾಜಿ ಬೇಡ. ಹಿಂದಿನ ಒಂದು ಜಾತ್ರೆಯಲ್ಲಿ ನನ್ನ ತಂಗಿ ಮಗ ಮಿರ್ಚಿ, ಜಿಲೇಬಿ, ಕಬ್ಬಿನ ಹಾಲು ಮೂರೂ ತಿಂದು ಕುಡಿದು ಕೊಲಂಬಸ್ ದೋಣಿ ಹತ್ತಿದ. ನಾನೇ ಹತ್ತಿಸಿದ್ದು. ಇಳಿಯುವಾಗ ಮಗು ಬಿಳಿಚಿಕೊಂಡಿತ್ತು, ವಾಂತಿ ನಿಲ್ಲಲಿಲ್ಲ, ರಾತ್ರಿಯೆಲ್ಲ ನಿದ್ದೆಯಿಲ್ಲ. ಅವನು ನೀರು ಕುಡಿಯಲೂ ಹೆದರುತ್ತಿದ್ದುದು ನೆನಪಾದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ದೊಡ್ಡ ತೊಟ್ಟಿಲು, ದೋಣಿ, ಟೊರಟೊರ ಎಲ್ಲ ಮುಗಿಸಿ, ಅರ್ಧ ಗಂಟೆ ಬಿಟ್ಟು ತಿನ್ನಲು ಶುರು ಮಾಡಿ. ತೊಟ್ಟಿಲನ್ನು ಕತ್ತಲಾದ ಮೇಲೆ ಹತ್ತಿ. ಮೇಲಿಂದ ಇಡೀ ಪೇಟೆ ದೀಪದಲ್ಲಿ ಕಾಣುತ್ತದೆ, ಅದರಾಚೆಗೆ ಪೂರ್ತಿ ಕಪ್ಪು ಕಾಡು. ಬಾವಿಯಂಥ ಗೋಡೆ ಮೇಲೆ ಬೈಕ್ ಓಡಿಸುವ ಮರಣದ ಬಾವಿ ಬಂದಿದ್ದರೆ ನೋಡಿ. ಆದರೆ ಚಿಕ್ಕ ಮಕ್ಕಳಿಗೆ ಆ ಸದ್ದು ಜಾಸ್ತಿಯಾಗುತ್ತದೆ.

ತಿನ್ನುವಾಗ ಒಂದು ಪ್ಲೇಟು, ನಾಲ್ಕು ಜನ. ಯಾವುದನ್ನೂ ಪೂರ್ತಿ ಹೊಟ್ಟೆಗೆ ತಿನ್ನಬೇಡಿ.

ಮೊದಲು ಮಿರ್ಚಿ ಮಂಡಕ್ಕಿ. ಬೆಂಗಳೂರಲ್ಲೂ ಸಿಗುತ್ತದೆ ಅಂತ ಬಿಡಬೇಡಿ. ಇಲ್ಲಿ ಮಂಡಕ್ಕಿಗೆ ಈರುಳ್ಳಿ, ಅರಿಶಿನದ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ. ಮೆಣಸಿನಕಾಯಿ ಬಜ್ಜಿ ಹಿಟ್ಟಿಗೆ ಓಮಕಾಳು ಬಿದ್ದಿರಬೇಕು. ಬಜ್ಜಿ ಬಾಣಲೆಯಿಂದ ಎದ್ದು ಬರುವುದನ್ನು ಕಣ್ಣಾರೆ ನೋಡಿ ತೆಗೆದುಕೊಳ್ಳಿ. ಮಂಡಕ್ಕಿ ವಿಷಯದಲ್ಲಿ ದಾವಣಗೆರೆಯವರೇ ನಮಗಿಂತ ಮುಂದೆ. ಮಂಡಕ್ಕಿ ಹುರಿಯುವ ಭಟ್ಟಿಗಳಿಗೆ ಹೆಸರಾದ ಊರು ಅವರದು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಫೆಬ್ರವರಿ ರಾತ್ರಿಯ ಮಲೆನಾಡ ಚಳಿಯಲ್ಲಿ ನಿಂತು ಬಿಸಿ ಮಿರ್ಚಿ ಕಚ್ಚುವುದಿದೆಯಲ್ಲ, ಅದು ಇಲ್ಲೇ ಆಗಬೇಕು. ಹಗಲು ಬಿಸಿಲು ಚುರುಗುಟ್ಟಿದರೂ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಮಕ್ಕಳಿಗೆ ತಂದುಕೊಳ್ಳಿ.

ಜಿಲೇಬಿ ಬಿಸಿಯಾಗಿದ್ದರೆ ಒಂದೊಂದು ತಿನ್ನಿ, ಆರಿದ್ದರೆ ಬಿಡಿ.

ಗೋಬಿ, ಬೊಂಬಾಯಿ ಮಿಠಾಯಿ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಇವೆರಡಕ್ಕೂ ಕೃತಕ ಬಣ್ಣ ಹಾಕುವುದನ್ನು ನಿಷೇಧ ಮಾಡಿತು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ರೋಡಮಿನ್ ಬಿ ಅನ್ನುವ ಬಣ್ಣ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಗೋಬಿ ಕೆಂಪಗೆ ಹೊಳೆಯುತ್ತಿದ್ದರೆ ಮಕ್ಕಳು ಎಷ್ಟು ಹಟ ಮಾಡಿದರೂ ಕೊಡಿಸಬೇಡಿ. ಬಿಳಿ ಬೊಂಬಾಯಿ ಮಿಠಾಯಿ ಮಾಡುವವರೂ ಇರುತ್ತಾರೆ, ಹುಡುಕಿ.

ಕುಡಿಯಲು ಮುರುಗಲು ಹಣ್ಣಿನ ಸರಬತ್ತು ಸಿಕ್ಕರೆ ಬಿಡಬೇಡಿ. ಕರಾವಳಿಯವರು ಪುನರ್ಪುಳಿ ಅನ್ನುವುದು ಇದನ್ನೇ. ಕರಿದದ್ದು ತಿಂದ ಮೇಲೆ ಹೊಟ್ಟೆಗೆ ಹಿತ. ಐಸು ಬೇಡ ಅನ್ನಿ. ಕುಡಿಯುವ ನೀರನ್ನು ರೂಮಿನಿಂದಲೇ ತುಂಬಿಕೊಂಡು ಹೋಗಿ. ಜಾತ್ರೆಯಲ್ಲಿ ಹೊಟ್ಟೆ ಕೆಡುವುದು ಹೆಚ್ಚಾಗಿ ತಿಂಡಿಯಿಂದಲ್ಲ, ನೀರಿನಿಂದ ಅನ್ನುವುದು ನಮ್ಮ ಮನೆಯ ಅನುಭವ.

ಊಟಕ್ಕೆ ಜಾತ್ರೆಯೊಳಗೆ ನಿಲ್ಲಬೇಡಿ, ಊರೊಳಗೆ ಬನ್ನಿ. ಮಾಂಸ ತಿನ್ನುವವರಾದರೆ ಕಡುಬು ಕೋಳಿ ಸಾರು, ಇಲ್ಲವೇ ಅಕ್ಕಿ ರೊಟ್ಟಿ ಕೋಳಿ ಸಾರು ಕೇಳಿ. ಮಾರಿ ಜಾತ್ರೆಯಲ್ಲಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಂಟರಿಗೆ ಬಡಿಸುವುದು ಇದನ್ನೇ. ತಿನ್ನದವರಾದರೆ ಅನ್ನಕ್ಕೆ ಅಪ್ಪೆಹುಳಿ ಇದೆಯಾ ಅಂತ ಒಂದು ಮಾತು ಕೇಳಿ. ಮಾವಿನ ಹುಳಿ, ಇಂಗು, ಒಣಮೆಣಸಿನ ಒಗ್ಗರಣೆ, ನೀರಿನಷ್ಟು ತೆಳ್ಳಗೆ. ಅನ್ನಕ್ಕೆ ಸ್ವಲ್ಪ ಹಾಕಿಕೊಂಡು ಉಳಿದದ್ದನ್ನು ಲೋಟದಲ್ಲಿ ಕುಡಿಯುತ್ತೇವೆ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ತೊಟ್ಟು ಹಿಡಿದು ಇಡೀ ಮಿಡಿಯನ್ನೇ ಕಚ್ಚಬೇಕು.

ಇನ್ನು ಭಾನುವಾರ.

ಬೆಳಗ್ಗೆ ಆಟೋದವರನ್ನೋ, ಲಾಡ್ಜಿನವರನ್ನೋ, ಹೂವಿನ ಅಂಗಡಿಯವರನ್ನೋ ಕೇಳಿ: ಈಗ ಎಲ್ಲಿ ಆಲೆಮನೆ ನಡೀತಿದೆ? ಒಬ್ಬರಲ್ಲ ಒಬ್ಬರಿಗೆ ಗೊತ್ತಿರುತ್ತದೆ. ಕೆಲವು ಕಡೆ ಆಲೆಮನೆ ಹಬ್ಬ ಅಂತಲೂ ಮಾಡುತ್ತಾರೆ. ಟಿಕೆಟ್ಟು, ಮೈಕು ಎಲ್ಲ ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ನನ್ನ ಮನಸ್ಸು ಹೋಗುವುದು ಗದ್ದೆ ಬದಿಯ, ಚಪ್ಪರ ಹಾಕಿದ ಒಂದು ಮನೆಯವರ ಆಲೆಮನೆಗೆ. ಗಾಣಕ್ಕೆ ಮುಂಚೆ ಕೋಣ ಕಟ್ಟುತ್ತಿದ್ದರು, ಈಗ ಹೆಚ್ಚು ಕಡೆ ಮಷೀನು. ಆಲೆಮನೆಗೆ ಬಂದವರನ್ನು ಬಾಯಿ ಒಣಗಿಸಿ ಕಳಿಸಬಾರದು ಅಂತ ನಮ್ಮಲ್ಲಿ ಹಿಂದಿನಿಂದ ನಡೆದು ಬಂದಿದೆ. ಗುರುತು ಪರಿಚಯ ಇಲ್ಲದಿದ್ದರೂ ಒಂದು ಲೋಟ ಕಬ್ಬಿನ ಹಾಲು ಕೈಗೆ ಬರುತ್ತದೆ. ದುಡ್ಡು ತೆಗೆದುಕೊಳ್ಳದಿದ್ದರೆ ಒತ್ತಾಯ ಮಾಡಬೇಡಿ, ಬದಲಿಗೆ ಅವರ ಹತ್ತಿರ ಬೆಲ್ಲ ಕೊಂಡುಕೊಳ್ಳಿ. ಒಂದು ಮಾತು: ಒಲೆ ಹತ್ತಿರ ಮಕ್ಕಳ ಕೈ ಬಿಡಲೇಬೇಡಿ. ಕೊಪ್ಪರಿಗೆ ನೆಲಮಟ್ಟದಲ್ಲೇ ಇರುತ್ತದೆ, ಒಳಗೆ ಕುದಿಯುವ ಪಾಕ.

ಕಬ್ಬಿನ ಹಾಲಿನ ಜೊತೆ ಖಾರ ಮಂಡಕ್ಕಿ, ಮಿರ್ಚಿ ಇಲ್ಲೂ ಇರುತ್ತದೆ. ಇಲ್ಲಿ ಆ ಜೋಡಿಯ ಅರ್ಥ ತಿಳಿಯುತ್ತದೆ. ಒಂದು ಗುಟುಕು ಸಿಹಿ, ಒಂದು ತುತ್ತು ಖಾರ. ಎರಡು ಲೋಟ ಕುಡಿದದ್ದು ಗೊತ್ತೇ ಆಗುವುದಿಲ್ಲ.

ಅಷ್ಟರಲ್ಲಿ ಕೊಪ್ಪರಿಗೆ ನೋಡುತ್ತಿರಿ. ಕಬ್ಬಿನ ಹಾಲು ಕಾಯುತ್ತಿದ್ದ ಹಾಗೆ ಚೂರು ಸುಣ್ಣ ಹಾಕುತ್ತಾರೆ, ಕೊಳೆಯೆಲ್ಲ ಮೇಲೆ ಬರುತ್ತದೆ, ಅದನ್ನು ಜಾಲಿಸಿ ತೆಗೆಯುತ್ತಾರೆ. ಹಸಿರು ಮಿಶ್ರಿತ ಬೂದು ಬಣ್ಣ ಇದ್ದದ್ದು ನಿಧಾನ ಹೊಂಬಣ್ಣಕ್ಕೆ ತಿರುಗುತ್ತದೆ. ಕೊನೆಕೊನೆಗೆ ಪಾಕ ಉಬ್ಬಿ ನೊರೆ ನೊರೆಯಾಗಿ ಎದ್ದು ಬರುತ್ತದೆ. ಆ ನೊರೆಯನ್ನು ಬಾಳೆ ಎಲೆ ಮೇಲೆ ತೆಗೆದು ಕೊಡುತ್ತಾರೆ, ನೊರೆಬೆಲ್ಲ. ಬಾಯಿಗಿಟ್ಟರೆ ಹಗುರ, ಬೆಚ್ಚಗೆ, ಸ್ವಲ್ಪ ಹೊಗೆ ವಾಸನೆ. ಅದನ್ನು ಪೇಟೆಗೆ ತಂದು ಮಾರಲು ಆಗುವುದಿಲ್ಲ, ಕೂತುಬಿಡುತ್ತದೆ. ಅಲ್ಲೇ ನಿಂತು ತಿನ್ನಬೇಕು. ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಕಾಯಿರಿ. ನನ್ನ ಮಗಳು ಏಳು ವರ್ಷದವಳಿದ್ದಾಗ ಅಷ್ಟು ಹೊತ್ತು ಕೂತಿದ್ದಳು. ಒಂದು ಸಲವೂ ಮೊಬೈಲ್ ಕೇಳಲಿಲ್ಲ.

ಉಳಿಯುವುದು ಜೋನಿ ಬೆಲ್ಲ. ಅಚ್ಚು ಹಾಕದೆ ಡಬ್ಬಿಗೆ ತುಂಬುವ ನೀರು ಬೆಲ್ಲ. ಮಲೆನಾಡಿನ ಮನೆಗಳಲ್ಲಿ ವರ್ಷಪೂರ್ತಿ ದೋಸೆಗೆ ಇದೇ. ಮೇಲೆ ತುಪ್ಪ ಬಿಟ್ಟು ಮಕ್ಕಳಿಗೆ ಒಮ್ಮೆ ಕೊಟ್ಟು ನೋಡಿ.

ಈಗ ತೊಡೆದೇವು. ಇದನ್ನು ಹೇಳಬೇಕು ಅಂತಲೇ ನಾನು ಉತ್ತರ ಬರೆಯಲು ಕೂತದ್ದು. ಕಬ್ಬಿನ ಹಾಲಿಗೆ ಅಕ್ಕಿ ಹಿಟ್ಟು ಕಲಸಿ ತೆಳ್ಳಗಿನ ಹಿಟ್ಟು ಮಾಡುತ್ತಾರೆ, ಚೂರು ಅರಿಶಿನ. ಒಲೆ ಮೇಲೆ ದೊಡ್ಡ ಮಣ್ಣಿನ ಮಡಕೆಯನ್ನು ಬೋರಲು ಹಾಕಿರುತ್ತಾರೆ. ಉರಿ ಒಳಗೆ, ಅಡುಗೆ ಹೊರಗೆ. ಮಡಕೆ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿಗೆ ಅದ್ದಿ ಒಂದೇ ಬೀಸಿಗೆ ಮೇಲಿಂದ ಎಳೆಯುತ್ತಾರೆ. ತೊಡೆಯುವುದು ಅಂದರೆ ಬಳಿಯುವುದು, ಹೆಸರು ಬಂದದ್ದೂ ಅಲ್ಲಿಂದಲೇ. ನೋಡನೋಡುತ್ತಲೇ ಅದು ಒಣಗಿ ಕಾಗದವಾಗುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಿಸಬೇಕು. ಒಂದು ಉಸಿರು ತಡವಾದರೆ ಪುಡಿ. ಆರಿದ ಮೇಲೆ ಗರಿಗರಿ. ಮೇಲೆ ತುಪ್ಪ ಹಾಕಿ ತಿನ್ನುತ್ತಾರೆ, ಕೆಲವರು ಹಾಲಲ್ಲಿ ನೆನೆಸುತ್ತಾರೆ. ನನ್ನ ಅಜ್ಜಿಯ ಕೈ ಆ ಬೀಸಿನಲ್ಲಿ ಒಂದು ಸಲವೂ ನಡುಗಿದ್ದು ನಾನು ಕಾಣೆ, ಮುಪ್ಪಿನಲ್ಲೂ. ನನಗೆ ಇಷ್ಟು ವರ್ಷಕ್ಕೂ ಹತ್ತರಲ್ಲಿ ಆರು ಸರಿ ಬರುತ್ತವೆ. ಜಾತ್ರೆ ಹೊತ್ತಿನಲ್ಲಿ ಪೇಟೆಯಲ್ಲಿ ಹೆಂಗಸರು ಮನೆಯಲ್ಲಿ ಮಾಡಿ ತಂದು ಮಾರುವುದುಂಟು, ಆಲೆಮನೆ ಹಬ್ಬದಲ್ಲಿ ಎದುರಿಗೇ ಮಾಡುತ್ತಾರೆ. ಬೆಲೆ ಜಾಸ್ತಿ ಅನ್ನಿಸಿದರೆ ಆ ಮಡಕೆ ಮುಂದೆ ಐದು ನಿಮಿಷ ಕೂತು ನೋಡಿ, ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ.

ಸಮಯ ಉಳಿದರೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಪಕ್ಕದಲ್ಲೇ ಇದೆ. ಜೋಗಕ್ಕೆ ಈ ಸಲ ಓಡಬೇಡಿ, ಫೆಬ್ರವರಿಯಲ್ಲಿ ನೀರು ಕಡಿಮೆ. ಅದಕ್ಕೆ ಮಳೆಗಾಲದಲ್ಲಿ ಬನ್ನಿ.

ಚಿಲ್ಲರೆ ದುಡ್ಡು ಕೈಯಲ್ಲಿರಲಿ. ಜನ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ, ಫೋನ್ ಪೇ ಸುತ್ತುತ್ತಲೇ ಇರುತ್ತದೆ, ಹಿಂದೆ ಸಾಲು ನಿಂತಿರುತ್ತದೆ. ಮಕ್ಕಳ ಜೇಬಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇಡಿ.

ಹೊರಡುವ ಮುಂಚೆ ಪಲಾರ ತೆಗೆದುಕೊಳ್ಳಿ. ಮಂಡಕ್ಕಿ, ಖಾರ, ಬೆಂಡು, ಬತ್ತಾಸು. ಜಾತ್ರೆಗೆ ಹೋದವರು ಅಕ್ಕಪಕ್ಕದ ಮನೆಗೆ ಪಲಾರ ಹಂಚುವುದು ನಮ್ಮ ರೂಢಿ, ಬೆಂಗಳೂರಿನ ಅಪಾರ್ಟ್‌ಮೆಂಟಾದರೂ ಸರಿ. ಅದನ್ನು ಚೀಲದಲ್ಲಿ ಹೇಗೆ ತುರುಕಿದರೂ ನಡೆಯುತ್ತದೆ. ತೊಡೆದೇವು ಮಾತ್ರ ಹಾಗಲ್ಲ. ಬರುವಾಗಲೇ ಅಗಲ ಬಾಯಿಯ ಒಂದು ಸ್ಟೀಲ್ ಡಬ್ಬಿ ತನ್ನಿ. ತಳಕ್ಕೆ ಪೇಪರ್ ಹಾಸಿ, ತೊಡೆದೇವನ್ನು ನಿಲ್ಲಿಸಿ ಜೋಡಿಸಿ, ಮೇಲೆ ಏನೂ ಇಡದೆ ಮುಚ್ಚಿ. ರೈಲಿನಲ್ಲಿ ಸೀಟಿನ ಕೆಳಗೆ ತಳ್ಳಬೇಡಿ, ತಲೆ ಹತ್ತಿರ ಇಟ್ಟುಕೊಂಡು ಮಲಗಿ.