ವಾಹನ ಪ್ರಶ್ನೋತ್ತರ: ಎಂಜಿನ್ ಬದಲಿಸಿದ ಮೇಲೆ ಎಮಿಷನ್ ಟೆಸ್ಟ್ ಫೇಲಾದರೆ

ಪ್ರಶ್ನೆ: ನನ್ನ 2006ರ ಮಾರುತಿ ಜಿಪ್ಸಿಯ ಎಂಜಿನ್ ಸೀಜ್ ಆಗಿದ್ದರಿಂದ ಹಳೆಯ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಕೂರಿಸಲಾಗಿದೆ. ಘಟ್ಟದ ಏರಿನಲ್ಲೂ ಗಾಡಿ ಚೆನ್ನಾಗಿ ಎಳೆಯುತ್ತದೆ. ಆದರೆ ಎಮಿಷನ್ ಟೆಸ್ಟ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ 2.8, ಎಚ್‌ಸಿ (ಉರಿಯದೆ ಉಳಿದ ಪೆಟ್ರೋಲಿನ ಅಂಶ) 410 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಎಂದು ಬಂದು ಫೇಲಾಗಿದೆ. ಹೊಸ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಸಾಧನ) ಹಾಕಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಲೇ?
– ಓದುಗರು, ಸಕಲೇಶಪುರ

ಉತ್ತರ: ಈಗಲೇ ಹಾಕಿಸಬೇಡಿ. ನಿಮಗೆ ಕೊಟ್ಟ ಚೀಟಿಯಲ್ಲಿರುವ ಎರಡು ಅಂಕಿಗಳನ್ನು ಒಟ್ಟಿಗೆ ಓದಿದರೆ ದೋಷ ಎಲ್ಲಿರಬಹುದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಬಿಎಸ್-2 ಮತ್ತು ಬಿಎಸ್-3 (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ಹಂತಗಳು) ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಸಿಒ ಶೇ 0.5, ಎಚ್‌ಸಿ 750 ಪಿಪಿಎಂ ಮಿತಿಯಿದೆ. ನಿಮ್ಮ ಗಾಡಿಯ ಎಚ್‌ಸಿ ಮಿತಿಯೊಳಗಿದ್ದು, ಸಿಒ ಮಾತ್ರ ಐದು ಪಟ್ಟಿಗೂ ಹೆಚ್ಚಿದೆ. ಅಂದರೆ ನಾಲ್ಕೂ ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುತ್ತಿದೆ, ಆದರೆ ಅದು ಪೂರ್ತಿ ಉರಿಯಲು ಬೇಕಾದಷ್ಟು ಗಾಳಿ ಇಲ್ಲ. ಎಂಜಿನ್‌ಗೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ. ಹೊಗೆಯಲ್ಲಿ ಆಮ್ಲಜನಕವೇ ಉಳಿಯದಿದ್ದಾಗ ಎಷ್ಟೇ ಒಳ್ಳೆಯ ಕನ್ವರ್ಟರ್ ಕೂಡ ಸಿಒವನ್ನು ಸುಡಲಾರದು. ಅತಿಯಾದ ಪೆಟ್ರೋಲಿನ ಕಾರಣವನ್ನು ಹಾಗೆಯೇ ಬಿಟ್ಟು ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಬಿಸಿಯೇರಿ ಬೇಗನೆ ಹಾಳಾಗುತ್ತದೆ.

ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿಯೂ ಜಿಪ್ಸಿಯಲ್ಲಿ ಉದ್ದುದ್ದವಾಗಿಯೂ ಕೂರುತ್ತದೆ. ಮೂಲ ಎಂಜಿನ್ ಒಂದೇ ಕುಟುಂಬದ 1.3 ಲೀಟರ್‌ನದಾದರೂ ಮ್ಯಾನಿಫೋಲ್ಡ್, ನೀರಿನ ಪೈಪು, ಸೆನ್ಸರ್‌ಗಳಂಥ ಭಾಗಗಳನ್ನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಜೋಡಿಸದೆ ಕೆಲಸ ಮುಗಿಯುವುದಿಲ್ಲ. ನನ್ನ ಅನುಭವದಲ್ಲಿ ಟೆಸ್ಟ್ ಫೇಲಾಗುವುದು ಎಂಜಿನ್ನಿನಿಂದಲ್ಲ, ಈ ಜೋಡಣೆಯಿಂದ. ಆದ್ದರಿಂದ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಕವಾಟ) ಇದೆಯೇ ನೋಡಿಸಿ. ಎಂಜಿನ್ ಬಿಸಿಯಾಗದಿರಲೆಂದು ಅದನ್ನು ತೆಗೆದೇ ಬಿಡುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಇದೆ. ಇದು ಖಂಡಿತ ತಪ್ಪು. ಮಲೆನಾಡಿನ ತಂಪಿನಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ 80 ಡಿಗ್ರಿ ಮುಟ್ಟುವುದೇ ಕಷ್ಟ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿದ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಬೆಳಗಿನ ಸ್ಟಾರ್ಟಿಂಗ್‌ಗೆ ಕೊಡುವಂತೆ ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ.

ಥರ್ಮೋಸ್ಟಾಟ್ ಸರಿಯಿದ್ದರೆ ಕೂಲೆಂಟ್ ಸೆನ್ಸರ್ ನೋಡಿಸಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳಿಗೆ ಒಂದೇ ವೈರಿನ ಪ್ರತ್ಯೇಕ ಸೆಂಡರ್ ಇರುತ್ತದೆ. ಇಸಿಎಂಗೆ ಮಾಹಿತಿ ಕೊಡುವುದು ಎರಡು ವೈರಿನ ಬೇರೆ ಸೆನ್ಸರ್. ಹೀಗಾಗಿ ಮುಳ್ಳು ಸರಿಯಾಗಿ ತೋರಿಸುತ್ತಿದೆ ಎಂದ ಮಾತ್ರಕ್ಕೆ ಇಸಿಎಂಗೂ ಸರಿಯಾದ ಮಾಹಿತಿ ಹೋಗುತ್ತಿದೆಯೆಂದು ನಂಬುವಂತಿಲ್ಲ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆದರೆ, ಈ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಬಿಸಿ ಎಂಜಿನ್‌ನಲ್ಲೂ ಸಾವಿರದ ಮೇಲೆಯೇ ನಿಂತರೆ ದೋಷ ಸಿಕ್ಕಿತೆಂದೇ ತಿಳಿಯಿರಿ.

ಇದೂ ಸರಿಯಿದ್ದರೆ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗುರುತಿಸುವ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ನೋಡಬೇಕು. ಆಮ್ಲಜನಕ ಹೆಚ್ಚಿದ್ದರೆ ವೋಲ್ಟೇಜ್ ಇಳಿಯುತ್ತದೆ, ಪೆಟ್ರೋಲ್ ಹೆಚ್ಚಿದ್ದರೆ ಏರುತ್ತದೆ. ಬಿಸಿಯಾದ ಎಂಜಿನ್‌ನಲ್ಲಿ ಅದು 0.1 ಮತ್ತು 0.9 ವೋಲ್ಟ್ ನಡುವೆ ಬಿಡದೆ ಏರಿಳಿಯುತ್ತಿರಬೇಕು. ಹೊಗೆಯಲ್ಲಿ ಸಿಒ ತುಂಬಿದ್ದೂ ಅದು 0.1ರ ಆಸುಪಾಸಿನಲ್ಲೇ ನಿಂತಿದ್ದರೆ, ಸೆನ್ಸರ್ ಸತ್ತಿದೆ ಅಥವಾ ಅದಕ್ಕಿಂತ ಮುಂಚೆ ಎಕ್ಸಾಸ್ಟ್ (ಹೊಗೆ ಹೊರಹೋಗುವ) ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಸಂದಿ ಬಿಟ್ಟು ಹೊರಗಿನ ಗಾಳಿ ಒಳಸೇರುತ್ತಿದೆ. ಆ ಗಾಳಿಯನ್ನು ಕಂಡ ಇಸಿಎಂ ಪೆಟ್ರೋಲ್ ಸಾಲದೆಂದು ಮತ್ತಷ್ಟು ಸುರಿಯುತ್ತದೆ. ವೋಲ್ಟೇಜ್ 0.8ರ ಮೇಲೆ ಅಂಟಿಕೊಂಡಿದ್ದರೆ ಸೆನ್ಸರ್ ಸತ್ಯವನ್ನೇ ಹೇಳುತ್ತಿದೆ. ಆಗ ಮ್ಯಾಪ್ ಸೆನ್ಸರ್‌ನ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ವ್ಯಾಕ್ಯೂಮ್ ಹೋಸ್ ಬಿರಿದಿದೆಯೇ, ಇಂಜೆಕ್ಟರ್ ತೊಟ್ಟಿಕ್ಕುತ್ತಿದೆಯೇ, ಎಂಜಿನ್‌ಗೆ ಹೊಂದುವ ಇಸಿಎಂ ಹಾಕಿದ್ದಾರೆಯೇ ಎಂದು ನೋಡಿಸಿ. ಇವೆಲ್ಲ ಸರಿಹೋದ ಮೇಲೂ ಸಿಒ ಇಳಿಯದಿದ್ದರೆ ಮಾತ್ರ ಕನ್ವರ್ಟರ್‌ಗೆ ಹಣ ಹಾಕಿ. ಮರುಪರೀಕ್ಷೆಗೆ ಹೋಗುವ ಮುನ್ನ ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಎಂಜಿನ್ ಆರಿಸದೆ ಟೆಸ್ಟ್ ಮಾಡಿಸಿ. ಕನ್ವರ್ಟರ್ ಸುಮಾರು 300 ಡಿಗ್ರಿ ಬಿಸಿಯಾಗದೆ ಕೆಲಸ ಶುರು ಮಾಡುವುದಿಲ್ಲ.

ಪ್ರಶ್ನೆ: ನನ್ನದು 2013ರ ಬಿಎಸ್-4 ಪೆಟ್ರೋಲ್ ಕಾರು. ಅದೇ ಮಾಡೆಲ್‌ನ ಹಳೆಯ ಎಂಜಿನ್ ಹಾಕಿಸಿದ್ದೇನೆ. ಸಿಒ, ಎಚ್‌ಸಿ ಎರಡೂ ಪಾಸ್. ಆದರೆ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಸೂಚಿ; 1 ಎಂದರೆ ಸರಿ, ಹೆಚ್ಚಿದರೆ ಗಾಳಿ ಜಾಸ್ತಿ) 1.09 ಬಂದು ಫೇಲಾಗಿದೆ. ಕಾರಣವೇನು?
– ಓದುಗರು, ಬೆಂಗಳೂರು

ಉತ್ತರ: ಬಿಎಸ್-4 ಕಾರಿಗೆ ಐಡಲ್‌ನಲ್ಲಿ ಸಿಒ ಶೇ 0.3, ಎಚ್‌ಸಿ 200 ಪಿಪಿಎಂ ಮಿತಿ ಇರುವುದಲ್ಲದೆ, ಸುಮಾರು 2,500 ಆರ್‌ಪಿಎಂನಲ್ಲಿ ಸಿಒ ಶೇ 0.2ರೊಳಗೆ ಮತ್ತು ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಉಳಿದೆರಡು ಅಂಕಿ ಸರಿಯಿದ್ದು ಲ್ಯಾಂಬ್ಡಾ ಮಾತ್ರ ಏರಿದ್ದರೆ, ಸೈಲೆನ್ಸರ್ ಪೈಪಿನ ಯಾವುದೋ ಜೋಡಣೆಯಲ್ಲಿ ಹೊರಗಿನ ಗಾಳಿ ಹೊಗೆಗೆ ಬೆರೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ಇಳಿಸುವಾಗ ಬಿಚ್ಚಿದ ಪೈಪಿಗೆ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೆ ಹೀಗಾಗುತ್ತದೆ. ಬಯಲಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಪೈಪಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಕೆಲವೇ ಕ್ಷಣ ಒತ್ತಿಹಿಡಿಸಿದರೆ ಸೋರುವ ಜಾಗದಲ್ಲಿ ಬುಸ್ ಎನ್ನುವ ಸದ್ದು ಕೇಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಎಂದಿಗೂ ಮಾಡಬೇಡಿ. ಸಿಒ ವಾಸನೆಯೇ ಇಲ್ಲದ ವಿಷ. ಸದ್ದೇ ಬಾರದಿದ್ದರೆ, ಟೆಸ್ಟ್ ಮಾಡುವವರು ಪ್ರೋಬನ್ನು (ಹೊಗೆ ಹೀರುವ ಕೊಳವೆಯನ್ನು) ಪೈಪಿನೊಳಗೆ ಸಾಕಷ್ಟು ಆಳಕ್ಕೆ ಇಳಿಸಿದ್ದರೇ ಎಂದು ಮರುಪರೀಕ್ಷೆಯಲ್ಲಿ ಗಮನಿಸಿ.

ಪ್ರಶ್ನೆ: ಎಂಜಿನ್ ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ನಮೂದಿಸಲೇಬೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ನಮೂದಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡುಗಳಿಗೆ ಸಂಬಂಧಿಸಿದ್ದು. ಎಂಜಿನ್ ಇಳಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಕೆಲಸವಾದ ಮೇಲೆ 14 ದಿನಗಳೊಳಗೆ ಅಲ್ಲಿಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಳ್ಳಿ. ಗುಜರಿಯಲ್ಲಿ ಕೊಂಡ ಎಂಜಿನ್ನಾದರೆ ಖರೀದಿಯ ರಸೀದಿಯನ್ನೂ, ಅದು ಬಂದ ಗಾಡಿಯ ದಾಖಲೆಗಳ ಪ್ರತಿಯನ್ನೂ ಕೇಳಿ ಪಡೆಯಿರಿ. ಕೊಡಲೊಲ್ಲದ ಅಂಗಡಿಯಲ್ಲಿ ಎಂಜಿನ್ ಕೊಳ್ಳಬೇಡಿ. ಆರ್‌ಸಿ ತಿದ್ದುಪಡಿಯಾದ ಕೂಡಲೇ ವಿಮೆಯಲ್ಲೂ ಎಂಜಿನ್ ನಂಬರ್ ಬದಲಿಸಿಕೊಳ್ಳಿ. ಅಪಘಾತವಾದಾಗ ಸರ್ವೇಯರ್ ಎಂಜಿನ್ ನಂಬರನ್ನು ಪಾಲಿಸಿಯೊಂದಿಗೆ ಹೋಲಿಸಿ ನೋಡುತ್ತಾರೆ.