ಮನೆಯಲ್ಲೇ ಮಾಡುವ ಗ್ರೀಟಿಂಗ್ ಕಾರ್ಡಿಗೆ ಡಿಜಿಟಲ್ ಬಾರ್ಡರ್ ಹಾಕುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ತಕರಾರು ಕಾಣಿಸಿತು. ಬಾರ್ಡರ್ ಹಾಕಿದ ಕಾರ್ಡು ಮದುವೆ ಆಲ್ಬಮ್ ಥರ ಕಾಣುತ್ತದೆ. ಪ್ರಿಂಟ್ ತೆಗೆಸಿದರೆ ಬಾರ್ಡರ್ ಒಂದು ಬದಿಯಲ್ಲಿ ಕತ್ತರಿಸಿ ಹೋಗುತ್ತದೆ. ಇನ್ನು ನಿಮ್ಮ ಹತ್ತಿರ ಇರುವುದು ಮೊಬೈಲ್ ಮಾತ್ರ. ಮೂರನ್ನೂ ನಾನು ಅನುಭವಿಸಿದವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆ. ಊರು ಬಿಟ್ಟು ಹೋದ ನೆಂಟರಿಗೆಲ್ಲ ಪ್ರತಿ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕಾರ್ಡು ಕಳಿಸುವ ಹುಚ್ಚು ನನಗೆ. ಮೊದಲ ವರ್ಷ ನೆಟ್‌ನಲ್ಲಿ ಸಿಕ್ಕಿದ ಚಿನ್ನದ ಬಣ್ಣದ ಫ್ರೇಮ್ ಹಾಕಿದ್ದೆ. ನಾಲ್ಕು ಮೂಲೆಗೂ ಗುಲಾಬಿ, ನಡುವೆ ನಮ್ಮ ಗದ್ದೆಯ ಫೋಟೋ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಯಾರ ಮದುವೆ?"

ತಪ್ಪು ಫ್ರೇಮಿನದ್ದಲ್ಲ. ಆ ಫ್ರೇಮಿಗೂ ಒಳಗಿದ್ದ ಗದ್ದೆಗೂ ಸಂಬಂಧವೇ ಇರಲಿಲ್ಲ. ಮರುವರ್ಷ ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಎನ್ನುತ್ತಾ ಮನೆಗೆ ತಂದ ಮೇಲೆ ಒಂದು ತೆನೆ ಎತ್ತಿಟ್ಟುಕೊಂಡೆ. ಬೆಳಿಗ್ಗೆ ಅದನ್ನೇ ಸ್ಕ್ಯಾನರ್ ಗಾಜಿನ ಮೇಲಿಟ್ಟೆ. ಅದರ ಮುಂದಿನ ವರ್ಷದಿಂದ ನನ್ನ ಬಾರ್ಡರ್ ಅದೇ ತೆನೆ. ನಿಮ್ಮ ಸುತ್ತ ಏನಿದೆಯೋ ಅದನ್ನು ತೆಗೆದುಕೊಳ್ಳಿ: ಕಾಳುಮೆಣಸಿನ ಗೊಂಚಲು, ಏಲಕ್ಕಿ ಎಲೆ, ಹಳೆ ಸೀರೆಯ ಅಂಚು. ಸೀರೆ ಅಂಚಂತೂ ಸಿದ್ಧ ಬಾರ್ಡರ್, ನೇಯ್ದವರೇ ಅಳತೆ ಹಿಡಿದು ಕೊಟ್ಟಿರುತ್ತಾರೆ.

ಸ್ಕ್ಯಾನರ್ ಇಲ್ಲದಿದ್ದರೆ ಚಿಂತೆಯಿಲ್ಲ. ಜಗಲಿಯಲ್ಲಿ ಬಿಸಿಲು ನೇರ ಬೀಳದ ಕಡೆ ಬಿಳಿ ಹಾಳೆ ಹಾಸಿ, ಅದರ ಮೇಲೆ ವಸ್ತು ಇಟ್ಟು, ಮೊಬೈಲನ್ನು ಹಾಳೆಗೆ ಸಮನಾಗಿ ಹಿಡಿದು ಫೋಟೋ ತೆಗೆಯಿರಿ. ಫೋಟೋದಲ್ಲಿ ಹಾಳೆ ಬೂದು ಬಣ್ಣಕ್ಕೆ ಬರುತ್ತದೆ. ಎಡಿಟರ್‌ನಲ್ಲಿ 'ಲೆವೆಲ್ಸ್' ತೆರೆದು ಬಿಳಿ ತುದಿಯ ಗುಂಡಿಯನ್ನು ಎಡಕ್ಕೆ ಎಳೆಯಿರಿ, ಹಾಳೆ ಅಚ್ಚ ಬಿಳಿಯಾಗುತ್ತದೆ.

ಈಗ ಹಿನ್ನೆಲೆ ಅಳಿಸಬೇಕಲ್ಲ? ಭತ್ತದ ತೆನೆಯ ಮೀಸೆಯನ್ನು ಒಂದೊಂದಾಗಿ ಕತ್ತರಿಸಲು ಹೋಗಬೇಡಿ, ನಾನು ಒಂದು ರಾತ್ರಿ ಇಡೀ ಹಾಳು ಮಾಡಿಕೊಂಡಿದ್ದೇನೆ. ಕಾರ್ಡಿನ ಬಣ್ಣದ ಮೇಲೆ ತೆನೆಯ ಫೋಟೋವನ್ನು ಬೇರೆ ಲೇಯರ್ (ಪದರ) ಆಗಿ ಇಟ್ಟು, ಅದರ ಮೋಡನ್ನು, ಅಂದರೆ ಕೆಳಗಿನ ಪದರದೊಡನೆ ಬೆರೆಯುವ ಬಗೆಯನ್ನು, 'ಮಲ್ಟಿಪ್ಲೈ' ಮಾಡಿ, ಸಾಕು. ಮಲ್ಟಿಪ್ಲೈ ಅಂದರೆ ಮೇಲಿನ ಬಣ್ಣ ಕೆಳಗಿನದನ್ನು ಗಾಢ ಮಾಡುತ್ತದೆ, ಅಷ್ಟೇ. ಬಿಳಿಗೆ ಗಾಢ ಮಾಡುವ ಶಕ್ತಿ ಇಲ್ಲ, ಹಾಗಾಗಿ ಬಿಳಿ ಮಾಯ, ತೆನೆ ಮಾತ್ರ ಉಳಿಯುತ್ತದೆ. ಗಿಂಪ್, ಫೋಟೋಪಿಯಾ ಎಂಬ ಫೋಟೋ ಎಡಿಟರ್ ಎರಡರಲ್ಲೂ ಇದಿದೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಆದರೆ ಕಾರ್ಡಿನ ಬಣ್ಣ ತೆಳುವಾಗಿರಬೇಕು. ಕಡು ಹಸಿರಿನ ಮೇಲೆ ಮಲ್ಟಿಪ್ಲೈ ಮಾಡಿದರೆ ತೆನೆಯೂ ಕತ್ತಲಲ್ಲಿ ಮುಳುಗುತ್ತದೆ.

ಕಾಫಿ ಹೂವಿನಲ್ಲಿ ಇದೇ ಪಾಠ ಉಲ್ಟಾ ಕಲಿತೆ. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಖುಷಿಯಲ್ಲಿ ಹೂ ತಂದು ಬಿಳಿ ಹಾಳೆಯ ಮೇಲೆ ಫೋಟೋ ತೆಗೆದೆ. ಬಿಳಿ ಮೇಲೆ ಬಿಳಿ, ಕಾರ್ಡಿನಲ್ಲಿ ಏನೂ ಉಳಿಯಲಿಲ್ಲ. ಹೂವೋ ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ, ಮತ್ತೆ ತೆಗೆಯಲು ಒಂದು ವರ್ಷ ಕಾಯಬೇಕಾಯಿತು. ಎರಡನೇ ಸಲ ಕಪ್ಪು ಬಟ್ಟೆ ಹಾಸಿ ತೆಗೆದು, ಕಾರ್ಡಿನ ಮೇಲಂಚಿಗೆ ಕಡು ಹಸಿರು ಪಟ್ಟಿ ಕೊಟ್ಟು, ಹೂವಿನ ಲೇಯರ್‌ಗೆ 'ಸ್ಕ್ರೀನ್' ಮೋಡ್ ಹಾಕಿದೆ. ಅಲ್ಲಿ ಕಪ್ಪು ಮಾಯವಾಗುತ್ತದೆ.

ನಾಲ್ಕೂ ಮೂಲೆಗೆ ಅದೇ ಚಿತ್ರವನ್ನು ಮಗುಚಿ ಹಾಕುವುದು ಸುಲಭ, ಎಲ್ಲರೂ ಮಾಡುತ್ತಾರೆ. ಆದರೆ ತೆನೆ ಬಾಗುವುದು ಕೆಳಕ್ಕೆ. ಕೆಳಗಿನ ಮೂಲೆಗೆ ಮಗುಚಿದರೆ ಅದು ಆಕಾಶ ನೋಡುತ್ತದೆ, ಗದ್ದೆ ಕಂಡವರಿಗೆ ಇರುಸುಮುರುಸು. ನಾನು ಮೇಲಿನ ಎರಡು ಮೂಲೆಗೆ ಮಾತ್ರ ತೆನೆ ಇಟ್ಟು ಕೆಳಗೆ ಒಂದು ತೆಳು ಗೆರೆ ಬಿಡುತ್ತೇನೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ಸಿಕ್ಕಿಸುತ್ತೇವಲ್ಲ, ಆ ತೋಕ್‌ಪೂ ಹೂವು ಮಾತ್ರ ಯಾವ ಮೂಲೆಗೂ ಒಪ್ಪುತ್ತದೆ. ಅದರ ಎಸಳು ತಾನಾಗಿಯೇ ಮೇಲಕ್ಕೆ ಮಡಚಿಕೊಂಡಿರುತ್ತದೆ, ಬುಡ ಹಳದಿ, ತುದಿ ಕೆಂಪು.

ನೆಟ್‌ನಿಂದ ಇಳಿಸಿದ ಫ್ರೇಮೇ ಬೇಕು ಅಂದರೆ ಎರಡು ಮಾತು. ಹಿನ್ನೆಲೆ ಪಾರದರ್ಶಕ ಅಂತ ಸುಳ್ಳು ಹೇಳುವ ಫೈಲುಗಳು ಬಹಳ ಇವೆ. ಆ ಬೂದು ಬಿಳಿ ಚೌಕುಳಿ ಚಿತ್ರದಲ್ಲೇ ಅಂಟಿಕೊಂಡಿರುತ್ತದೆ. ನಿಜವಾದದ್ದು ಸಾಮಾನ್ಯವಾಗಿ ಪಿಎನ್‌ಜಿ ಆಗಿರುತ್ತದೆ. ಜೆಪಿಜಿಯಲ್ಲಿ ಪಾರದರ್ಶಕತೆ ಇರುವುದೇ ಇಲ್ಲ. ಮತ್ತೆ, ಚೌಕದ ಫ್ರೇಮನ್ನು ಉದ್ದದ ಕಾರ್ಡಿಗೆ ಎಳೆದು ಹಿಗ್ಗಿಸಬೇಡಿ, ಮೂಲೆಯ ಹೂ ಸೌತೆಕಾಯಿಯಾಗುತ್ತದೆ. ಮೂಲೆಗಳನ್ನು ಕತ್ತರಿಸಿ ಬೇರೆ ಇಡಿ, ನಡುವಿನ ಪಟ್ಟಿಯನ್ನು ಮಾತ್ರ ಉದ್ದ ಮಾಡಿ. ಕಾರ್ಡು ಮಾರುವ ಯೋಚನೆ ಇದ್ದರೆ ಆ ಫ್ರೇಮಿನ ಲೈಸೆನ್ಸ್ ಓದಿಕೊಳ್ಳಿ.

ಈಗ ಬಾರ್ಡರ್ ಕತ್ತರಿಸಿ ಹೋಗುವ ವಿಷಯ. ಎ4 ಹಾಳೆ 210 ಗುಣಿಸು 297 ಮಿ.ಮೀ. ಅಡ್ಡಲಾಗಿಟ್ಟು ಮಧ್ಯೆ ಮಡಚಿದರೆ ಎ5 ಕಾರ್ಡು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಫೈಲು 3508 ಗುಣಿಸು 2480 ಪಿಕ್ಸೆಲ್ ಇರಬೇಕು. ಬಲಗಡೆಯ ಅರ್ಧ ಕಾರ್ಡಿನ ಮುಖ, ಎಡಗಡೆಯದು ಬೆನ್ನು. ನಾನು ಮೊದಲ ಸಲ ಇದನ್ನು ಅದಲುಬದಲು ಮಾಡಿ ಇಪ್ಪತ್ತು ಕಾರ್ಡು ಹಿಂದಿನಿಂದ ತೆರೆಯುವ ಹಾಗೆ ಮಾಡಿದ್ದೆ!

ಮನೆಯ ಪ್ರಿಂಟರ್‌ಗಳು ಸಾಮಾನ್ಯವಾಗಿ ಹಾಳೆಯ ತೀರಾ ಅಂಚಿನವರೆಗೆ ಮುದ್ರಿಸುವುದಿಲ್ಲ, ಸುತ್ತ ಕೆಲವು ಮಿ.ಮೀ. ಖಾಲಿ ಬಿಡುತ್ತವೆ. ನಿಮ್ಮ ಬಾರ್ಡರ್ ಅಲ್ಲಿದ್ದರೆ ಅದು ಹೋಯಿತು ಅಂತಲೇ ಲೆಕ್ಕ. ಅಂಚಿನಿಂದ 10 ಮಿ.ಮೀ. ಒಳಗೆ, ಅಂದರೆ ಸುಮಾರು 118 ಪಿಕ್ಸೆಲ್ ಬಿಟ್ಟು ಬಾರ್ಡರ್ ಶುರು ಮಾಡಿ. ಅಂಚಿಗೆ ತೀರಾ ಹತ್ತಿರ ಗೆರೆ ಇದ್ದರೆ ಕತ್ತರಿ ಒಂದು ಮಿ.ಮೀ. ಓರೆಯಾದರೂ ಕಣ್ಣಿಗೆ ರಾಚುತ್ತದೆ. ಅಂಚಿನವರೆಗೂ ಬಣ್ಣ ಬೇಕೇ ಬೇಕು ಅಂದರೆ ದೊಡ್ಡ ಹಾಳೆಯಲ್ಲಿ, ಸುತ್ತ 3 ಮಿ.ಮೀ. ಹೆಚ್ಚು ಬಣ್ಣ ಹರಡಿ ಮುದ್ರಿಸಿ ಆಮೇಲೆ ಕತ್ತರಿಸಬೇಕು.

ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವಾಗ ಹತ್ತಿರ ನಿಂತುಕೊಳ್ಳಿ. ಒಂದು ಕಡೆ 'ಫಿಟ್ ಟು ಪೇಜ್' ಒತ್ತಿ ನನ್ನ ಕಾರ್ಡನ್ನೆಲ್ಲ ಚಿಕ್ಕದು ಮಾಡಿಬಿಟ್ಟರು, ಮಡಚುವ ಗೆರೆಯೂ ಅಳತೆ ತಪ್ಪಿತು. ಕೇಳಿದರೆ "ಫೈಲೇ ಹಾಗಿದೆ ಮೇಡಂ" ಎಂದರು. 'ಆಕ್ಚುವಲ್ ಸೈಜ್' ಎಂದೇ ಹೇಳಬೇಕು. ಫೈಲು ಪಿಡಿಎಫ್ ಇರಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಹೋದರೆ ಅದು ಕುಗ್ಗಿಸಿಬಿಡುತ್ತದೆ, ತೆನೆಯ ಮೀಸೆ ಕಲಸಿಹೋಗುತ್ತದೆ. ಪರದೆಯ ಮೇಲೆ ಹೊಳೆಯುವ ಎಳೆ ಹಸಿರು ಕಾಗದದ ಮೇಲೆ ಮಂಕಾಗುವುದು ಮಾತ್ರ ಯಾರ ತಪ್ಪೂ ಅಲ್ಲ. ಪರದೆ ತೋರಿಸುವ ಎಲ್ಲ ಬಣ್ಣ ಶಾಯಿಗೆ ಬರುವುದಿಲ್ಲ. ಒಂದು ಪ್ರತಿ ಮೊದಲು ತೆಗೆಸಿ ನೋಡಿ.

ಕಾಗದ 200ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಇದ್ದರೆ ಕಾರ್ಡು ನೆಟ್ಟಗೆ ನಿಲ್ಲುತ್ತದೆ. ಮನೆ ಪ್ರಿಂಟರ್ ಅಷ್ಟು ದಪ್ಪ ನುಂಗುತ್ತದಾ ಅಂತ ಅದರ ಪುಸ್ತಕದಲ್ಲಿ ನೋಡಿಕೊಳ್ಳಿ. ಮಡಚುವ ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಒತ್ತಿ ಗೆರೆ ಎಳೆಯಿರಿ, ಇಲ್ಲದಿದ್ದರೆ ಲೇಸರ್ ಪ್ರಿಂಟಿನ ಬಣ್ಣ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಕೈಲ್‌ಪೊಳ್ದ್ ಕಾರ್ಡಿಗೆ ಆಗಸ್ಟ್‌ನಲ್ಲಿ ಕೂತರೆ ನಮ್ಮಲ್ಲಿ ಕಾಗದ ಹಪ್ಪಳದ ಹಿಟ್ಟಿನ ಥರ ಮೆತ್ತಗಾಗಿರುತ್ತದೆ, ಇಂಕ್‌ಜೆಟ್ ಶಾಯಿ ಹರಡುತ್ತದೆ. ಕಾಗದದ ಕಟ್ಟನ್ನು ಬಿಗಿಯಾದ ಪ್ಲಾಸ್ಟಿಕ್ ಕವರಿನಲ್ಲೇ ಇಡಿ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಒಣಗುತ್ತದೆ ನಿಜ, ಕಾರ್ಡು ಮಾತ್ರ ಹೊಗೆ ಹಾಕಿದ ಮಾಂಸದ ವಾಸನೆ ಬರುತ್ತದೆ.

ಕನ್ನಡ ಅಕ್ಷರಕ್ಕೆ ಜಾಗ ಬಿಡುವುದನ್ನು ಮರೆಯಬೇಡಿ. ಸಿದ್ಧ ಫ್ರೇಮುಗಳಲ್ಲಿ ಇಂಗ್ಲಿಷ್ ಅಳತೆಗೆ ಒಳಜಾಗ ಬಿಟ್ಟಿರುತ್ತಾರೆ. 'ಹುತ್ತರಿ' ಬರೆದರೆ ತಕಾರದ ಒತ್ತು ಕೆಳಗಿಳಿದು ಬಾರ್ಡರ್ ಗೆರೆಗೆ ತಾಗುತ್ತದೆ. ಅದಕ್ಕೇ ನಾನು ಮೊದಲು ಅಕ್ಷರ ಕೂರಿಸಿ ಆಮೇಲೆ ಅದರ ಸುತ್ತ ಬಾರ್ಡರ್ ಹಾಕುತ್ತೇನೆ. ಫೋಟೋಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಟೈಪ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್ ರೆಡಿ' ಆಯ್ಕೆ ಹುಡುಕಿ. ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ ಎಂಬ ಫಾಂಟ್ ಚೆಂದ, ಮಕ್ಕಳ ಕಾರ್ಡಿಗಾದರೆ ಬಾಲೂ ತಮ್ಮ.

ಮೊಬೈಲ್ ಮಾತ್ರ ಇದ್ದರೂ ಆಗುತ್ತದೆ. ಫೋಟೋಪಿಯಾ ಬ್ರೌಸರ್‌ನಲ್ಲೇ ತೆರೆಯುತ್ತದೆ, ಸಣ್ಣ ಪರದೆಯಲ್ಲಿ ಬೆರಳಿಗೆ ಸ್ವಲ್ಪ ತ್ರಾಸ, ಅಷ್ಟೇ. ಕ್ಯಾನ್ವಾ ಸುಲಭ, ಆದರೆ ಶುರುವಿನಲ್ಲೇ ಅಳತೆಯನ್ನು ಮಿ.ಮೀ. ಲೆಕ್ಕದಲ್ಲಿ ನೀವೇ ಕೊಡಿ. ಅಲ್ಲಿ ಕಿರೀಟದ ಗುರುತಿರುವ ಫ್ರೇಮುಗಳಿಗೆ ದುಡ್ಡು ಕೇಳುತ್ತದೆ. ನಿಮ್ಮದೇ ತೆನೆಯ ಪಿಎನ್‌ಜಿ ಅಪ್‌ಲೋಡ್ ಮಾಡಿದರೆ ಆ ಪ್ರಶ್ನೆಯೇ ಇಲ್ಲ, ಅಲ್ವಾ? ಹಾಗೇ ಲಕೋಟೆ ಮೊದಲೇ ತಂದಿಟ್ಟುಕೊಳ್ಳಿ. ಎ5 ಕಾರ್ಡಿಗೆ ಸಿ5 ಲಕೋಟೆ ಬೇಕು, ಹಳ್ಳಿ ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಸಿಗುವುದಿಲ್ಲ. ನಾನು ಮಡಿಕೇರಿಗೆ ಹೋದಾಗ ಒಂದು ಕಟ್ಟು ತಂದುಬಿಡುತ್ತೇನೆ.