ಆಸ್ಟ್ರೇಲಿಯಾದಲ್ಲಿ ಕಾರು ತಯಾರಿಕೆ ನಿಂತದ್ದು ಸಂಬಳದ ಭಾರದಿಂದಲೇ?

ಆಸ್ಟ್ರೇಲಿಯಾದ ಕಾರು ಕಾರ್ಖಾನೆಗಳು ಮುಚ್ಚಿದ್ದಕ್ಕೆ ಅಲ್ಲಿನ ಕಾರ್ಮಿಕರ ದುಬಾರಿ ಸಂಬಳವೇ ಕಾರಣವೇ, ಮುಂದೆಂದಾದರೂ ಅವು ಮತ್ತೆ ತೆರೆಯಬಹುದೇ ಎಂದು ನೀವು ಕೇಳಿದ್ದೀರಿ. ಮೆಲ್ಬರ್ನಿನಲ್ಲಿ ಕಾರುಗಳಿಗೆ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೂರೈಸುತ್ತಿದ್ದ ಒಂದು ಘಟಕದ ಗುಣಮಟ್ಟ ವಿಭಾಗದಲ್ಲಿ ನಾನು ಈ ಉದ್ಯಮದ ಕೊನೆಯ ವರ್ಷಗಳನ್ನು ಕಂಡವನು, ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ. ಸಂಬಳ ಹೆಚ್ಚಿತ್ತು ಎಂಬುದು ನಿಜ. ಆದರೆ ಕಾರ್ಮಿಕರಿಗೆ ಕೈತುಂಬ ಸಂಬಳ ಕೊಡುವ ಜರ್ಮನಿಯಲ್ಲಿ ಇಂದಿಗೂ ಲಕ್ಷಗಟ್ಟಲೆ ಕಾರುಗಳು ತಯಾರಾಗುತ್ತಿರುವಾಗ, ಸಂಬಳವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ನನ್ನ ತಿಳಿವಳಿಕೆಯ ಪ್ರಕಾರ ಮೂಲ ಕಾರಣ ಉತ್ಪಾದನೆಯ ಪ್ರಮಾಣ ತೀರಾ ಚಿಕ್ಕದಾಗಿದ್ದದ್ದು, ಮತ್ತು ಅದನ್ನು ದೊಡ್ಡದು ಮಾಡುವ ಅಧಿಕಾರ ಆಸ್ಟ್ರೇಲಿಯಾದವರ ಕೈಯಲ್ಲಿ ಇಲ್ಲದಿದ್ದದ್ದು.

ಪ್ರಮಾಣ ಎಂದರೇನು ಎಂಬುದು ಅಚ್ಚಿನ ಮುಂದೆ ನಿಂತರೆ ಚೆನ್ನಾಗಿ ಅರ್ಥವಾಗುತ್ತದೆ. ಬಾಗಿಲಿನ ಒಳಭಾಗದ ಹೊದಿಕೆಯನ್ನು ತೆಗೆದುಕೊಳ್ಳಿ. ಅದನ್ನು ಎರಕ ಹೊಯ್ಯಲು ಹಲವು ಟನ್ ತೂಗುವ ಉಕ್ಕಿನ ಅಚ್ಚು ಬೇಕು. ಅದನ್ನು ಕೊರೆದು, ಉಜ್ಜಿ, ಪರೀಕ್ಷಿಸಿ, ತಿದ್ದಿ ಸಿದ್ಧಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಅದರಿಂದ ವರ್ಷಕ್ಕೆ ಮೂವತ್ತು ಸಾವಿರ ಹೊದಿಕೆ ತೆಗೆದರೂ ಮೂರು ಲಕ್ಷ ತೆಗೆದರೂ ಅಚ್ಚಿನ ಬೆಲೆ ಒಂದೇ. ಮೂರು ಲಕ್ಷ ತೆಗೆಯುವವನು ಆ ವೆಚ್ಚವನ್ನು ಪ್ರತಿ ಹೊದಿಕೆಯ ಮೇಲೆ ತೆಳುವಾಗಿ ಹರಡಬಲ್ಲ, ಮೂವತ್ತು ಸಾವಿರದವನು ಹರಡಲಾರ. ಕಾರೊಂದರಲ್ಲಿ ಇಂಥ ಸಾವಿರಾರು ಭಾಗಗಳಿರುತ್ತವೆ. ನಮ್ಮ ಘಟಕದಲ್ಲಿ ಯಂತ್ರಗಳು ಹಳೆಯವಾಗಿರಲಿಲ್ಲ, ಕೆಲಸಗಾರರು ಸೋಮಾರಿಗಳಾಗಿರಲಿಲ್ಲ, ತಿರಸ್ಕೃತ ಭಾಗಗಳ ಪ್ರಮಾಣವೂ ನಾಚಿಕೆಪಡುವಂತಿರಲಿಲ್ಲ. ಅಷ್ಟಿದ್ದೂ ಥಾಯ್ಲೆಂಡಿನ ಬೆಲೆಪಟ್ಟಿ ಎದುರಿಗೆ ಬಂದಾಗ ನಾವು ಉತ್ತರವಿಲ್ಲದೆ ಕೂರುತ್ತಿದ್ದೆವು.

2013ರಲ್ಲಿ ಇಡೀ ಆಸ್ಟ್ರೇಲಿಯಾ ತಯಾರಿಸಿದ್ದು 2 ಲಕ್ಷಕ್ಕಿಂತ ತುಸು ಹೆಚ್ಚು ಕಾರುಗಳನ್ನು. ಅದೂ ಫೋರ್ಡ್, ಹೋಲ್ಡನ್, ಟೊಯೋಟಾ ಎಂಬ ಮೂರು ಕಂಪನಿಗಳ ನಡುವೆ ಹಂಚಿಹೋಗಿತ್ತು. ನಮ್ಮ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಘಟಕಗಳ ವಾರ್ಷಿಕ ಸಾಮರ್ಥ್ಯವೇ 3 ಲಕ್ಷವನ್ನು ಮೀರುತ್ತದೆ ಎಂದರೆ ವ್ಯತ್ಯಾಸ ನಿಮಗೆ ತಿಳಿಯುತ್ತದೆ.

ಆರಂಭದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಫೋರ್ಡ್ 1925ರಲ್ಲೇ ಮೆಲ್ಬರ್ನಿಗೆ ಹತ್ತಿರದ ಜೀಲಾಂಗಿಗೆ ಬಂದಿತ್ತು. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಮೆಲ್ಬರ್ನಿನ ಫಿಶರ್‌ಮನ್ಸ್ ಬೆಂಡ್‌ನಲ್ಲಿ ಮೊದಲ ಹೋಲ್ಡನ್ ಕಾರನ್ನು ಅನಾವರಣಗೊಳಿಸಿದಾಗ ಜನ ಅದನ್ನು ತಮ್ಮ ದೇಶದ ಕಾರೆಂದೇ ಅಪ್ಪಿಕೊಂಡರು. ಮಾಲೀಕತ್ವ ಮಾತ್ರ ಅಮೆರಿಕದ ಜನರಲ್ ಮೋಟರ್ಸ್‌ನದಾಗಿತ್ತು. ಆ ಹೆಮ್ಮೆಯಲ್ಲಿ ಈ ಸಂಗತಿ ಹಲವು ದಶಕಗಳ ಕಾಲ ಯಾರನ್ನೂ ಕಾಡಲಿಲ್ಲ, ಏಕೆಂದರೆ ಎತ್ತರದ ಆಮದು ಸುಂಕದ ಗೋಡೆಯ ಹಿಂದೆ ಎಲ್ಲರಿಗೂ ಲಾಭವಿತ್ತು. 1980ರ ದಶಕದ ಮೊದಲ ವರ್ಷಗಳಲ್ಲಿ ಆಮದು ಕಾರಿನ ಮೇಲಿನ ಸುಂಕ ಶೇ 57.5 ಇತ್ತು. ಅದರ ಜೊತೆಗೆ, ವಿದೇಶಿ ಕಾರುಗಳು ಮಾರುಕಟ್ಟೆಯ ಐದನೇ ಒಂದು ಭಾಗವನ್ನು ದಾಟದಂತೆ ಮಿತಿಯೂ ಇತ್ತು. ಆ ರಕ್ಷಣೆಯಲ್ಲಿ ಐದು ಕಂಪನಿಗಳು ಹದಿಮೂರು ಮಾದರಿಗಳನ್ನು ತಯಾರಿಸುತ್ತ, ಒಂದಕ್ಕೂ ಸರಿಯಾದ ಪ್ರಮಾಣವಿಲ್ಲದೆ, ಹೇಗೋ ಬದುಕಿದ್ದವು.

ಈ ರೋಗವನ್ನು ಸರಿಯಾಗಿ ಗುರುತಿಸಿದವರು ಪ್ರಧಾನಿ ಬಾಬ್ ಹಾಕ್ ಸರ್ಕಾರದ ಕೈಗಾರಿಕಾ ಸಚಿವ ಜಾನ್ ಬಟನ್. 1984ರಲ್ಲಿ ಅವರು ಪ್ರಕಟಿಸಿದ ಯೋಜನೆಯ ಗುರಿ ಮೂರು ತಯಾರಕರು, ಆರು ಮಾದರಿಗಳು, ಹಂತಹಂತವಾಗಿ ಇಳಿಯುವ ಸುಂಕ. ರೋಗ ಸರಿಯಾಗಿಯೇ ಗೊತ್ತಾಗಿತ್ತು, ಆದರೆ ಔಷಧದ ಅರ್ಧ ಭಾಗ ಮಾತ್ರ ಒಳಗೆ ಹೋಯಿತು. ಮಾದರಿ ಕಡಿಮೆ ಮಾಡಬೇಕಿದ್ದ ಕಂಪನಿಗಳು ಒಬ್ಬರ ಕಾರಿಗೆ ಇನ್ನೊಬ್ಬರ ಲಾಂಛನ ಅಂಟಿಸಿ ಮಾರಿದವು; ಟೊಯೋಟಾ ಕ್ಯಾಮ್ರಿ ಹೋಲ್ಡನ್ ಅಪೊಲೊ ಆಯಿತು, ಹೋಲ್ಡನ್ ಕಮೋಡರ್ ಟೊಯೋಟಾ ಲೆಕ್ಸನ್ ಆಯಿತು. ಕೊಳ್ಳುವವರು ಇದರಿಂದ ಮೋಸಹೋಗಲಿಲ್ಲ. ಸುಂಕವಾದರೋ ನಿಗದಿಯಂತೆ ಇಳಿಯುತ್ತಲೇ ಹೋಗಿ 2000ದ ಹೊತ್ತಿಗೆ ಶೇ 15ಕ್ಕೂ 2010ರಲ್ಲಿ ಶೇ 5ಕ್ಕೂ ಬಂತು. ನಿಸ್ಸಾನ್ 1992ರಲ್ಲಿಯೂ ಮಿತ್ಸುಬಿಷಿ 2008ರಲ್ಲಿಯೂ ಉತ್ಪಾದನೆ ನಿಲ್ಲಿಸಿದವು.

ಸುಂಕ ಇಳಿಸಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆಗ ಸಾಮಾನ್ಯ ಕುಟುಂಬವೊಂದು ಕಾರಿಗೆ ವಿಪರೀತ ಬೆಲೆ ತೆರಬೇಕಾಗಿತ್ತು. ನನ್ನ ಆಕ್ಷೇಪವಿರುವುದು ಬಾಗಿಲನ್ನು ಒಂದೇ ಕಡೆಗೆ ತೆರೆದದ್ದರ ಬಗ್ಗೆ. 2005ರಲ್ಲಿ ಥಾಯ್ಲೆಂಡಿನೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ ಅಲ್ಲಿಂದ ಪಿಕಪ್ ವಾಹನಗಳು ಸುಂಕವಿಲ್ಲದೆ ಹರಿದುಬಂದವು. ಆಸ್ಟ್ರೇಲಿಯಾ ತಯಾರಿಸುತ್ತಿದ್ದ ದೊಡ್ಡ ಎಂಜಿನ್ನಿನ ಕಾರುಗಳು ಮಾತ್ರ ಎಂಜಿನ್ ದೊಡ್ಡದಾದಷ್ಟೂ ಹೆಚ್ಚುತ್ತಿದ್ದ ಥಾಯ್ಲೆಂಡಿನ ಆಂತರಿಕ ಅಬಕಾರಿ ತೆರಿಗೆಯ ಮುಂದೆ ನಿಲ್ಲಲಾಗಲಿಲ್ಲ. ಒಪ್ಪಂದಕ್ಕೆ ಸಹಿ ಹಾಕುವಾಗ ಇಷ್ಟನ್ನೂ ನೋಡದ ಅಧಿಕಾರಿಗಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅದರ ಮೇಲೆ ಡಾಲರ್ ಎದ್ದಿತು. 2001ರಲ್ಲಿ ಅಮೆರಿಕದ 50 ಸೆಂಟಿಗೂ ಬಾಳದಿದ್ದ ಆಸ್ಟ್ರೇಲಿಯಾದ ಡಾಲರ್, ಚೀನಾ ಕೊಳ್ಳುತ್ತಿದ್ದ ಕಬ್ಬಿಣದ ಅದಿರಿನ ಬಲದಿಂದ 2011ರಲ್ಲಿ 1.10 ಅಮೆರಿಕನ್ ಡಾಲರ್ ಮುಟ್ಟಿತು. ಕಾರ್ಖಾನೆಯೊಳಗೆ ಯಾರ ಸಂಬಳವೂ ದುಪ್ಪಟ್ಟಾಗಿರಲಿಲ್ಲ, ಆದರೆ ಹೊರದೇಶದ ಗ್ರಾಹಕನ ಕಣ್ಣಿಗೆ ಅದೇ ಕಾರಿನ ಬೆಲೆ ದುಪ್ಪಟ್ಟಾಗಿತ್ತು. ಸಂಬಳದ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹೋಲ್ಡನ್ ಕಮೋಡರ್ ಕಾರನ್ನು ಅಮೆರಿಕದಲ್ಲಿ ಪಾಂಟಿಯಾಕ್ ಜಿ8 ಹೆಸರಿನಲ್ಲಿ ಮಾರುವ ಅವಕಾಶವೂ ಜನರಲ್ ಮೋಟರ್ಸ್ 2009ರಲ್ಲಿ ದಿವಾಳಿಯ ಅಂಚಿಗೆ ಬಂದು ತನ್ನ ಪಾಂಟಿಯಾಕ್ ಬ್ರ್ಯಾಂಡನ್ನೇ ಕೈಬಿಡಲು ನಿರ್ಧರಿಸಿದಾಗ ಕಳೆದುಹೋಯಿತು. ಆ ನಿರ್ಧಾರವಾದದ್ದು ಆಸ್ಟ್ರೇಲಿಯಾದಲ್ಲಲ್ಲ, ಜನರಲ್ ಮೋಟರ್ಸ್‌ನ ಕೇಂದ್ರ ಕಚೇರಿಯಿದ್ದ ಅಮೆರಿಕದ ಡೆಟ್ರಾಯ್ಟಿನಲ್ಲಿ.

ಕೊನೆಯ ಅಧ್ಯಾಯ ಬಹಳ ಬೇಗ ಮುಗಿಯಿತು. 2013ರ ಮೇ ತಿಂಗಳಲ್ಲಿ ಫೋರ್ಡ್ ತಾನು ಮುಚ್ಚುವುದಾಗಿ ಹೇಳಿತು. ಆ ವರ್ಷದ ಡಿಸೆಂಬರ್ 10ರಂದು ಹಣಕಾಸು ಸಚಿವ ಜೋ ಹಾಕಿ, ಇರುತ್ತೀರೋ ಇಲ್ಲವೋ ಹೇಳಿಬಿಡಿ ಎಂಬ ಧಾಟಿಯಲ್ಲಿ ಸಂಸತ್ತಿನಲ್ಲೇ ಹೋಲ್ಡನ್ ಕಂಪನಿಗೆ ಸವಾಲು ಹಾಕಿದರು, ಮರುದಿನವೇ ಹೋಲ್ಡನ್ ನಿರ್ಗಮನ ಘೋಷಿಸಿತು. ಎರಡು ತಿಂಗಳಲ್ಲಿ ಟೊಯೋಟಾ ಕೂಡ ಅದನ್ನೇ ಹೇಳಿತು. ನಮ್ಮಂಥ ಬಿಡಿಭಾಗ ತಯಾರಕರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಮೂರು ಗ್ರಾಹಕರನ್ನು ನಂಬಿ ನಿಂತ ಘಟಕ ಇಬ್ಬರನ್ನು ಕಳೆದುಕೊಂಡು ಒಬ್ಬರಿಗಾಗಿ ಬದುಕಲಾರದು, ಬಿಡಿಭಾಗ ಸಿಗದ ಊರಿನಲ್ಲಿ ಆ ಒಬ್ಬರೂ ಕಾರು ಜೋಡಿಸಲಾರರು. 2016ರ ಅಕ್ಟೋಬರ್ 7ರಂದು ಮೆಲ್ಬರ್ನಿನ ಬ್ರಾಡ್‌ಮೆಡೋಸ್‌ನಲ್ಲಿ ಕೊನೆಯ ಫೋರ್ಡ್ ಹೊರಬಂತು. ಮರುವರ್ಷ ಅಕ್ಟೋಬರ್ 3ರಂದು ಮೆಲ್ಬರ್ನಿನದೇ ಆಲ್ಟೋನಾದಲ್ಲಿ ಟೊಯೋಟಾ, 20ರಂದು ಅಡಿಲೇಡಿನ ಉತ್ತರಕ್ಕಿರುವ ಎಲಿಜಬೆತ್‌ನಲ್ಲಿ ಹೋಲ್ಡನ್ ಉತ್ಪಾದನೆ ನಿಲ್ಲಿಸಿದವು.

ನಮ್ಮ ಘಟಕದ ಸಾಲಿನಲ್ಲಿ ವಿಯೆಟ್ನಾಮಿನಿಂದಲೂ ಟರ್ಕಿಯಿಂದಲೂ ಬಂದು ನೆಲೆಸಿದ್ದ, ಐವತ್ತು ದಾಟಿದ ಹೆಂಗಸರು ಹೆಚ್ಚಿದ್ದರು. ಹೊದಿಕೆಯ ಅಂಚಿನ ಮೇಲೆ ಬೆರಳಾಡಿಸಿಯೇ ಅಚ್ಚು ಸವೆದಿದೆಯೋ ಇಲ್ಲವೋ ಎಂದು ನನ್ನ ಮಾಪಕಕ್ಕಿಂತ ಮೊದಲು ಹೇಳಬಲ್ಲವರಿದ್ದರು. ಮರುತರಬೇತಿ, ಸಲಹೆ, ಪರಿಹಾರ ಧನ ಎಲ್ಲವೂ ಇದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆರಳಿನ ಜ್ಞಾನಕ್ಕೆ ಬೆಲೆ ಕೊಡುವ ಇನ್ನೊಂದು ಉದ್ಯೋಗ ಆ ಊರಿನಲ್ಲಿ ಇರಲಿಲ್ಲ. ಬಹುಪಾಲು ಜನ ಗೋದಾಮುಗಳಲ್ಲಿ ದಿನಗೂಲಿಗೆ ಸೇರಿದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವಿನ್ಯಾಸದ ಪ್ರತಿಭೆ ಆಸ್ಟ್ರೇಲಿಯಾದಲ್ಲಿ ಇನ್ನೂ ಉಳಿದಿದೆ. ಇಂದು ಅಲ್ಲಿನ ಬೀದಿಗಳಲ್ಲಿ ತುಂಬಿರುವ ಫೋರ್ಡ್ ರೇಂಜರ್ ಪಿಕಪ್ ಅನ್ನು ರೂಪಿಸಿದ್ದು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಎಂಜಿನಿಯರುಗಳೇ. ಆದರೆ ಅದರ ಚಾಸಿ ಸಂಖ್ಯೆಯನ್ನು ಓದಿದರೆ, ಆಸ್ಟ್ರೇಲಿಯಾದಲ್ಲಿ ತಯಾರಾದ ಕಾರುಗಳಿಗಿರುತ್ತಿದ್ದ 6ರ ಬದಲು ಥಾಯ್ಲೆಂಡಿನಲ್ಲಿ ತಯಾರಾದ ವಾಹನಗಳಿಗಿರುವ ಎಂ ಅಕ್ಷರ ಸಾಮಾನ್ಯವಾಗಿ ಮೊದಲಿಗಿರುತ್ತದೆ. ವಿದ್ಯುತ್ ಕಾರುಗಳು ಬಂದರೆ ಲೆಕ್ಕ ಬದಲಾಗುತ್ತದೆ ಎನ್ನುವವರಿದ್ದಾರೆ. ಬ್ಯಾಟರಿಗೆ ಬೇಕಾದ ಲಿಥಿಯಂ ಆ ನೆಲದಲ್ಲೇ ಹೇರಳವಾಗಿದೆ, ನಿಜ. ಆದರೆ ಬಾಗಿಲಿನ ಹೊದಿಕೆಗೆ ಅದೇ ಅಚ್ಚು ಬೇಕು, ಮಾರುಕಟ್ಟೆ ಈಗಲೂ ವರ್ಷಕ್ಕೆ ಹನ್ನೆರಡು ಲಕ್ಷದ ಆಸುಪಾಸಿನಲ್ಲೇ ಇದೆ, ಅದನ್ನು ಹಂಚಿಕೊಳ್ಳಲು ಹತ್ತಾರು ಬ್ರ್ಯಾಂಡುಗಳಿವೆ. ಆದ್ದರಿಂದ ಸಾಮಾನ್ಯ ಜನ ಕೊಳ್ಳುವ ಕಾರು ಅಲ್ಲಿ ಮತ್ತೆ ತಯಾರಾದೀತೆಂದು ನಾನು ನಂಬುವುದಿಲ್ಲ. ಉಳಿಯಬಲ್ಲದ್ದು ಸಣ್ಣ ಪ್ರಮಾಣದಲ್ಲೂ ಲಾಭ ಕೊಡುವ ತಯಾರಿಕೆ ಮಾತ್ರ. ಮೆಲ್ಬರ್ನಿನ ಬೇಸ್‌ವಾಟರ್‌ನಲ್ಲಿ ಕೆನ್‌ವರ್ತ್ ಟ್ರಕ್ಕುಗಳು ಇಂದಿಗೂ ತಯಾರಾಗುತ್ತಿರುವುದು ಅದರಿಂದಲೇ: ಮರುಭೂಮಿಯ ಹೆದ್ದಾರಿಯಲ್ಲಿ ಮೂರು ನಾಲ್ಕು ಟ್ರೈಲರುಗಳನ್ನು ಎಳೆಯುವ ಟ್ರಕ್ಕನ್ನು ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ಒಂದೊಂದಾಗಿ ಕಟ್ಟಿಕೊಡಬೇಕಾಗುತ್ತದೆ, ಮತ್ತು ಗಿರಾಕಿ ಅದಕ್ಕೆ ತಕ್ಕ ಬೆಲೆಯನ್ನೂ ಕೊಡುತ್ತಾನೆ.